ಕೊಳ್ಳುವ ಮುಂಚೆ ಕೇಳಿ: ಇದು ಯಾವುದರಿಂದ ಹಾಳಾಗುತ್ತದೆ?

ಪ್ರಶ್ನೆ: ಒಂದಿಷ್ಟು ದುಡ್ಡು ಕೂಡಿಟ್ಟಿದ್ದೇನೆ. ಫೋನ್ ತಗೊಂಡು ಮೂರು ವರ್ಷ ಆಯಿತು, ಸಂಜೆ ಆಗುವಷ್ಟರಲ್ಲಿ ಚಾರ್ಜ್ ಮುಗಿಯುತ್ತದೆ. ಲ್ಯಾಪ್‌ಟಾಪ್ ಹಳೆಯದು, ಆನ್ ಮಾಡಿ ಬೇರೆ ಕೆಲಸ ಮುಗಿಸಿ ಬಂದರೂ ಇನ್ನೂ ತಿರುಗುತ್ತಲೇ ಇರುತ್ತದೆ. ಮನೆಯವರಿಗೆ ದೊಡ್ಡ ಟಿವಿ ಬೇಕು, ಅಂಗಡಿಯವರು 8ಕೆ ತಗೊಳ್ಳಿ ಎನ್ನುತ್ತಾರೆ. ನನಗೆ ಸ್ಮಾರ್ಟ್‌ವಾಚ್ ಮತ್ತು ಒಳ್ಳೆ ಇಯರ್‌ಬಡ್ಸ್ ಮೇಲೆ ಆಸೆ. ಎಲ್ಲವನ್ನೂ ಕೊಳ್ಳುವಷ್ಟು ದುಡ್ಡಿಲ್ಲ. ಯಾವುದಕ್ಕೆ ಜಾಸ್ತಿ ಖರ್ಚು ಮಾಡಬಹುದು, ಯಾವುದರಲ್ಲಿ ಉಳಿಸಬಹುದು? ಹಳೆ ಫೋನನ್ನು ಏನು ಮಾಡಲಿ?

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ಎರಡು ಸಾಮಾನನ್ನು ನೀವು ಬಹುಶಃ ಕೊಳ್ಳಬೇಕಾಗಿಯೇ ಇಲ್ಲ. ಫೋನಿಗೆ ಹೊಸ ಬ್ಯಾಟರಿ ಸಾಕಾಗಬಹುದು. ಲ್ಯಾಪ್‌ಟಾಪಿಗೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಸಾಕಾಗಬಹುದು. ಹಾಗಾದರೆ ಕೂಡಿಟ್ಟ ದುಡ್ಡಿನಲ್ಲಿ ಬಹುಪಾಲು ಕೈಯಲ್ಲೇ ಉಳಿಯುತ್ತದೆ. ಟಿವಿ, ಇಯರ್‌ಬಡ್ಸ್ ವಿಷಯ ಆಮೇಲೆ ಆರಾಮಾಗಿ ಯೋಚಿಸಬಹುದು.

ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು. ದಿನವೂ ಕೆಟ್ಟ ಸಾಮಾನನ್ನೇ ನೋಡುವವರ ಲೆಕ್ಕಾಚಾರ ಸ್ವಲ್ಪ ಬೇರೆ ಇರುತ್ತದೆ. ಕೊಳ್ಳುವವರು "ಇದರಲ್ಲಿ ಏನೇನಿದೆ?" ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು "ಇದು ಯಾವುದರಿಂದ ಹಾಳಾಗುತ್ತದೆ? ಆ ಭಾಗ ಬದಲಿಸೋಕೆ ಬರುತ್ತದಾ?" ಅಂತ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಎಷ್ಟು ದುಡ್ಡು ಹಾಕಬಹುದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನಿಧಾನವಾಗಿ ಹಳತಾಗುವ ವಸ್ತುವಿಗೆ ಧಾರಾಳವಾಗಿ ಖರ್ಚು ಮಾಡಿ. ಬೇಗ ಹಳತಾಗಿ, ರಿಪೇರಿಗೂ ಬಾರದ ವಸ್ತುವಿನಲ್ಲಿ ಕೈ ಬಿಗಿ ಹಿಡಿಯಿರಿ.

ಸಾಮಾನ್ಯವಾಗಿ ಚಿಪ್ ಹಾಳಾಗಿ ಬಂದ ಸಾಮಾನು ಕಡಿಮೆ. ನೀರು ಹೋಗದಿದ್ದರೆ, ಕೆಳಗೆ ಬೀಳದಿದ್ದರೆ ಚಿಪ್ ತುಂಬಾ ವರ್ಷ ಓಡುತ್ತದೆ. ಮೊದಲು ಸೋಲುವುದು ಬ್ಯಾಟರಿ. ಆಮೇಲೆ ಚಾರ್ಜಿಂಗ್ ಪೋರ್ಟ್, ಕೇಬಲ್, ಲ್ಯಾಪ್‌ಟಾಪಿನ ಹಿಂಜ್, ಅಂದರೆ ಉಜ್ಜುವ, ಮಡಚುವ, ಚುಚ್ಚಿ ತೆಗೆಯುವ ಜಾಗಗಳು. ಇನ್ನು ಕೆಲವು ಸಾಮಾನಿಗೆ ಏನೂ ಆಗಿರುವುದಿಲ್ಲ. ಕಂಪನಿ ಸಾಫ್ಟ್‌ವೇರ್ ಕೊಡುವುದನ್ನು ನಿಲ್ಲಿಸಿರುತ್ತದೆ, ಅಷ್ಟೇ. ರಿಪೇರಿಯವನಿಗೆ ಇದು ತೀರಾ ಬೇಜಾರಿನ ಕೇಸು. ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ, ಮಾಡುವುದಕ್ಕೆ ಏನೂ ಇರುವುದಿಲ್ಲ.

ನಿಮ್ಮ ಫೋನಿನಿಂದಲೇ ಶುರು ಮಾಡೋಣ. ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಚಾರ್ಜ್ ಆಗುವಾಗ ಲಿಥಿಯಂ ಒಂದು ಕಡೆಯಿಂದ ಇನ್ನೊಂದು ಕಡೆಯ ಗ್ರಾಫೈಟಿನೊಳಗೆ ಹೋಗಿ ಕೂರುತ್ತದೆ. ಬಳಸುವಾಗ ವಾಪಸ್ ಬರುತ್ತದೆ. ಪ್ರತಿ ಸಲ ಸ್ವಲ್ಪ ಲಿಥಿಯಂ ಗ್ರಾಫೈಟಿನ ಮೇಲೆ ಕಟ್ಟುವ ಪದರದಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿದುಬಿಡುತ್ತದೆ. ಹಾಗೆ ಸಿಕ್ಕಿಕೊಂಡಷ್ಟು ಕೆಪಾಸಿಟಿ ಕಡಿಮೆ. ಬಿಸಿ ಜಾಸ್ತಿ ಆದರೆ, ಸದಾ 100 ಪರ್ಸೆಂಟ್ ತುಂಬಿಯೇ ಇಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ಇದನ್ನು ಯಾವ ಕಂಪನಿಯೂ ಪೂರ್ತಿ ತಡೆಯಲಾರದು.

ಎಷ್ಟು ಬೇಗ? ಬ್ಯಾಟರಿಯ ಪೂರ್ತಿ ಕೆಪಾಸಿಟಿಯಷ್ಟು ಬಳಸಿದರೆ ಒಂದು ಸೈಕಲ್. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೂ ಸೇರಿ ಒಂದೇ ಸೈಕಲ್. ಬಹಳ ಕಾಲ ಫೋನ್‌ಗಳಿಗೆ ಇದ್ದ ಅಳತೆ ಎಂದರೆ ಸುಮಾರು 500 ಸೈಕಲ್ ಆದ ಮೇಲೆ 80 ಪರ್ಸೆಂಟ್ ಕೆಪಾಸಿಟಿ ಉಳಿಯಬೇಕು ಅನ್ನುವುದು. ಈಗ ಸುಧಾರಿಸಿದೆ. ಐಫೋನ್ 15 ಸರಣಿಯಿಂದ ಈಚೆಗೆ ಆಪಲ್ 1000 ಸೈಕಲ್ ಎನ್ನುತ್ತದೆ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಅಲ್ಲಿ ಮಾರುವ ಹೊಸ ಮಾದರಿಯ ಫೋನ್‌ಗಳಿಗೆ ಕನಿಷ್ಠ 800 ಸೈಕಲ್ ಎಂದು ನಿಯಮವನ್ನೇ ಮಾಡಿದೆ.

ದಿನಕ್ಕೊಂದು ಸೈಕಲ್ ಅಂದುಕೊಂಡರೂ ಮೂರು ವರ್ಷಕ್ಕೆ ಸಾವಿರ ದಾಟುತ್ತದೆ. ನಿಮ್ಮ ಫೋನ್ ಸಂಜೆಗೆ ಸುಸ್ತಾಗುವುದರಲ್ಲಿ ಆಶ್ಚರ್ಯವೇ ಇಲ್ಲ. ಬ್ಯಾಟರಿ ಹಳತಾದರೆ ಕೆಲವು ಫೋನ್‌ಗಳು ನಿಧಾನವೂ ಆಗುತ್ತವೆ. ಹಳೆ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದು, ಫೋನ್ ತಟ್ಟನೆ ಆಫ್ ಆಗಬಾರದು ಎಂದು ಸಾಫ್ಟ್‌ವೇರೇ ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಹಳೆ ಐಫೋನ್‌ಗಳಲ್ಲಿ ಹೀಗೆ ಮಾಡುತ್ತಿರುವುದನ್ನು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತ್ತು. ಅಂಥ ಫೋನಿಗೆ ಹೊಸ ಬ್ಯಾಟರಿ ಹಾಕಿದರೆ ವೇಗವೂ ವಾಪಸ್ ಬರುತ್ತದೆ. ಸಾಧ್ಯವಾದರೆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಲ್ಲೇ ಹಾಕಿಸಿ. ಎಲ್ಲೋ ಸಿಗುವ ಅಗ್ಗದ ಬ್ಯಾಟರಿ ಮಾತ್ರ ಬೇಡ.

ಆದರೆ ಬ್ಯಾಟರಿ ಹಾಕಿಸುವ ಮುಂಚೆ ಒಂದು ವಿಷಯ ನೋಡಬೇಕು. ಆ ಫೋನಿಗೆ ಸೆಕ್ಯೂರಿಟಿ ಅಪ್‌ಡೇಟ್ ಇನ್ನೂ ಬರುತ್ತಿದೆಯಾ? ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಅಪ್‌ಡೇಟ್ ತಾರೀಖು ಇರುತ್ತದೆ. ಅದು ಒಂದು ವರ್ಷಕ್ಕಿಂತ ಹಿಂದಿನದಾದರೆ, ಬ್ಯಾಂಕಿನ ಕೆಲಸ ಮಾಡುವ ಫೋನಿನ ಮೇಲೆ ಮತ್ತೆ ದುಡ್ಡು ಹಾಕಬೇಡಿ. ಇನ್ನೂ ಎರಡು ವರ್ಷ ಅಪ್‌ಡೇಟ್ ಇದೆ ಎಂದಾದರೆ ಬ್ಯಾಟರಿ ಹಾಕಿಸಿ, ಆರಾಮಾಗಿ ಬಳಸಿ.

ಹೊಸ ಫೋನೇ ಬೇಕಾಯಿತು ಅಂತಿಟ್ಟುಕೊಳ್ಳಿ. ಆಗ ನಾನು ಹೇಳುವ ಲೆಕ್ಕ ಸುಲಭ. ಬೆಲೆಯನ್ನು ಉಳಿದಿರುವ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ. ಗೂಗಲ್ 2023ರ ತನ್ನ ಪಿಕ್ಸೆಲ್ 8 ಫೋನಿನಿಂದ 7 ವರ್ಷದ ಅಪ್‌ಡೇಟ್ ಮಾತು ಕೊಟ್ಟಿತು. ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಅದನ್ನೇ ಕೊಟ್ಟಿತು. ಅಗ್ಗದ ಎಷ್ಟೋ ಫೋನ್‌ಗಳು ಇದರ ಅರ್ಧವೂ ಕೊಡುವುದಿಲ್ಲ. ಭಾಗಿಸಿ ನೋಡಿದರೆ ಎಷ್ಟೋ ಸಲ "ದುಬಾರಿ" ಫೋನೇ ವರ್ಷಕ್ಕೆ ಅಗ್ಗ ಬೀಳುತ್ತದೆ. ಇಲ್ಲಿ ಒಂದು ಮೋಸಹೋಗುವ ಜಾಗ ಇದೆ. ಈ ವರ್ಷಗಳನ್ನು ಎಣಿಸುವುದು ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿ ಡಿಸ್ಕೌಂಟಿನಲ್ಲಿ ಸಿಕ್ಕಿತು ಎಂದು ಖುಷಿಪಡುವಾಗ, 7ರಲ್ಲಿ 2 ಈಗಾಗಲೇ ಹೋಗಿದೆ ಎಂದು ನೆನಪಿರಲಿ. ಹಾಗಿದ್ದರೂ ಒಂದು ವರ್ಷ ಹಳೆಯ ಒಳ್ಳೆ ಮಾದರಿ ಬಹುಮಟ್ಟಿಗೆ ಲಾಭದ ವ್ಯಾಪಾರವೇ. ಹೊಸದು ಬಂದ ಕೂಡಲೇ ಹಳೆಯದರ ಬೆಲೆ ಇಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆ ಈಗ ತೀರಾ ಚಿಕ್ಕದು.

ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. 200 ಮೆಗಾಪಿಕ್ಸೆಲ್ ಎಂದು ಡಬ್ಬಿಯ ಮೇಲೆ ಬರೆದ ಫೋನ್ ಸಾಮಾನ್ಯವಾಗಿ 16 ಪಿಕ್ಸೆಲ್ (ಚಿತ್ರದ ಚುಕ್ಕೆ) ಸೇರಿಸಿ ಒಂದು ಮಾಡಿ, ಸುಮಾರು 12 ಮೆಗಾಪಿಕ್ಸೆಲ್ಲಿನ ಫೋಟೊ ಕೊಡುತ್ತದೆ. 12 ಮೆಗಾಪಿಕ್ಸೆಲ್ ಅಂದರೆ 4000 ಅಡ್ಡ, 3000 ಉದ್ದ. ಫೋನ್ ಪರದೆಯ ಮೇಲೆ ನೋಡುವುದಕ್ಕೆ, ಆಲ್ಬಂಗೆ ಪ್ರಿಂಟ್ ಹಾಕಿಸುವುದಕ್ಕೆ ಇದು ಧಾರಾಳ. ರಾತ್ರಿ ಫೋಟೊ ಚೆನ್ನಾಗಿ ಬರುವುದು ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿದ್ದರೆ. ಅದರ ಅಳತೆಯನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯುವವರು ಕಡಿಮೆ! ಆ ದುಡ್ಡನ್ನು ಸ್ಟೋರೇಜಿಗೆ ಹಾಕಿ. ಈಗಿನ ಎಷ್ಟೋ ಫೋನ್‌ಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗವೇ ಇಲ್ಲ. ಕೊಳ್ಳುವಾಗ ಎಷ್ಟು ತಗೊಂಡಿರೋ ಕೊನೆವರೆಗೂ ಅಷ್ಟೇ.

ಲ್ಯಾಪ್‌ಟಾಪ್ ವಿಷಯದಲ್ಲೂ ಇದೇ ಮಾತು. ಆಮೇಲೆ ಬದಲಿಸಲಾಗದ್ದಕ್ಕೆ ಈಗಲೇ ದುಡ್ಡು ಹಾಕಬೇಕು. ಆದರೆ ನಿಮ್ಮ ಹಳೆ ಲ್ಯಾಪ್‌ಟಾಪಿನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇರಬಹುದು ಎಂದು ನನ್ನ ಊಹೆ. ಅದರಲ್ಲಿ ತಟ್ಟೆ ತಿರುಗಬೇಕು, ಓದುವ ಹೆಡ್ ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಓದಬೇಕು. ಒಂದೊಂದು ಹುಡುಕಾಟಕ್ಕೂ ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆ ಕೆಲಸ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲೋ ಇನ್ನೂ ಕಡಿಮೆಯಲ್ಲೋ ಮುಗಿಯುತ್ತದೆ. ಲ್ಯಾಪ್‌ಟಾಪ್ ಆನ್ ಆಗುವಾಗ ಚಿಕ್ಕ ಚಿಕ್ಕ ಫೈಲ್‌ಗಳನ್ನು ಸಾವಿರಗಟ್ಟಲೆ ಓದುತ್ತದೆ. ಅದಕ್ಕೇ ಅಷ್ಟು ವ್ಯತ್ಯಾಸ ಕಾಣುವುದು. ನನ್ನ ಕೆಲಸದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಗಿರಾಕಿಯ ಮುಖ ಇಷ್ಟು ಅರಳುವ ರಿಪೇರಿ ಇನ್ನೊಂದಿಲ್ಲ. ಜೊತೆಗೆ ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ) ಹಾಕುವ ಜಾಗ ಖಾಲಿ ಇದ್ದರೆ ಅದನ್ನೂ ತುಂಬಿಸಿ.

ಇಲ್ಲೂ ಸಾಫ್ಟ್‌ವೇರಿನ ಒಂದು ಗಡಿ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಸೆಕ್ಯೂರಿಟಿ ಭಾಗ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ನಿಮ್ಮದು ಅದಕ್ಕಿಂತ ಹಳೆಯದಾದರೆ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಬಹುದು. ಬರೀ ಬ್ರೌಸರ್, ಬರವಣಿಗೆ, ವಿಡಿಯೊ ಸಾಕು ಅನ್ನುವವರಿಗೆ ಅದು ಏನೂ ಕಷ್ಟವಿಲ್ಲ. ಆಫೀಸಿನ ಯಾವುದೋ ಸಾಫ್ಟ್‌ವೇರ್ ವಿಂಡೋಸ್ ಮೇಲೆ ಮಾತ್ರ ಓಡುತ್ತದೆ ಅಂದರೆ ಹೊಸ ಲ್ಯಾಪ್‌ಟಾಪ್ ತಗೊಳ್ಳಬೇಕು, ಬೇರೆ ದಾರಿ ಇಲ್ಲ.

ಹೊಸದು ತಗೊಳ್ಳುವಾಗ ಪ್ರೊಸೆಸರಿನ ಕೊನೆಯ ಮೆಟ್ಟಿಲಿನವರೆಗೆ ಹತ್ತಬೇಡಿ. ಮಧ್ಯದ್ದು ಸಾಕು. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ಕೇಳಿ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ಹಾಗೇ ಇರುತ್ತದೆ. ಹಾಗಿದ್ದರೆ 16 ಜಿಬಿಗಿಂತ ಕಡಿಮೆ ತಗೊಳ್ಳಬೇಡಿ. ಆಮೇಲೆ ಪರದೆ ಮತ್ತು ಕೀಬೋರ್ಡ್ ನೋಡಿ. ಇವೆರಡನ್ನೂ ಯಾರೂ ಆಮೇಲೆ ಬದಲಿಸುವುದಿಲ್ಲ. ದಿನಕ್ಕೆ ಎಂಟು ಗಂಟೆ ಕಣ್ಣು ನೆಡುವುದು ಆ ಪರದೆಯ ಮೇಲೆ, ಬೆರಳು ಆಡುವುದು ಆ ಕೀಗಳ ಮೇಲೆ. ಅಂಗಡಿಗೆ ಹೋದಾಗ ನಾಲ್ಕು ಸಾಲು ಟೈಪ್ ಮಾಡಿ ನೋಡಿ, ನಾಚಿಕೊಳ್ಳಬೇಡಿ.

ಇದೇ ಕಾರಣಕ್ಕೆ, ಕೂತು ಕೆಲಸ ಮಾಡುವವರಿಗೆ ನಾನು ಕೊಡುವ ಸಲಹೆ ಕೇಳಿದರೆ ಕೆಲವರು ನಗುತ್ತಾರೆ. ಸಾಧಾರಣ ಲ್ಯಾಪ್‌ಟಾಪ್ ತಗೊಳ್ಳಿ, ಉಳಿದ ದುಡ್ಡಿಗೆ ಒಂದು ಒಳ್ಳೆ ಮಾನಿಟರ್, ಒಂದು ಒಳ್ಳೆ ಕೀಬೋರ್ಡ್, ಕೈಗೆ ಹೊಂದುವ ಮೌಸ್ ತಗೊಳ್ಳಿ. ಮಾನಿಟರಿನಲ್ಲಿ ಬ್ಯಾಟರಿ ಇಲ್ಲ, ಅಪ್‌ಡೇಟಿನ ಗೋಜಿಲ್ಲ. ಒಳ್ಳೆ ಮಾನಿಟರ್ ಹತ್ತು ವರ್ಷ ಬರುವುದು ವಿಶೇಷವೇನಲ್ಲ. ಅಷ್ಟರಲ್ಲಿ ಲ್ಯಾಪ್‌ಟಾಪ್ ಎರಡು ಸಲ ಬದಲಾಗಿರುತ್ತದೆ. ಒಳ್ಳೆ ಮೆಕ್ಯಾನಿಕಲ್ ಕೀಬೋರ್ಡಿನ ಸ್ವಿಚ್‌ಗಳು ಒಂದೊಂದೂ 5 ಕೋಟಿ ಸಲ ಒತ್ತಿದರೂ ತಾಳಬೇಕು ಎಂದು ತಯಾರಕರು ಹೇಳುತ್ತಾರೆ. ಅದನ್ನು ಸವೆಸುವಷ್ಟು ಬರೆಯುವವರು ನನಗಂತೂ ಸಿಕ್ಕಿಲ್ಲ.

ಈಗ ಇಯರ್‌ಬಡ್ಸ್. ನಿಮ್ಮ ಆಸೆಗೆ ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದೊಂದು ಬಡ್‌ನೊಳಗಿನ ಬ್ಯಾಟರಿ ನಿಮ್ಮ ಫೋನಿನ ಬ್ಯಾಟರಿಯ ನೂರನೇ ಒಂದು ಭಾಗದಷ್ಟಿರುತ್ತದೆ, ಕೆಲವದರಲ್ಲಿ ಅಷ್ಟೂ ಇರುವುದಿಲ್ಲ. ಕಿವಿಯಲ್ಲಿದ್ದಾಗ ಖಾಲಿ, ಡಬ್ಬಿಯಲ್ಲಿಟ್ಟಾಗ ಪೂರ್ತಿ. ಜಾಸ್ತಿ ಕೇಳುವವರಿಗೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಸೈಕಲ್ ಆಗುತ್ತದೆ. ಡಬ್ಬಿಯಲ್ಲಿ ಸದಾ ತುಂಬಿಯೇ ಕೂರುವುದು ಬೇರೆ. ಎರಡು ಮೂರು ವರ್ಷದಲ್ಲಿ ಐದು ಗಂಟೆ ಓಡುತ್ತಿದ್ದದ್ದು ಎರಡು ಗಂಟೆಗೆ ಇಳಿದರೆ ಅದು ಸಹಜ ಸಾವು. ಅಂಟು ಹಾಕಿ ಮುಚ್ಚಿರುತ್ತಾರೆ, ತೆರೆದರೆ ಬಡ್ ಒಡೆಯುತ್ತದೆ. ಕೆಲವು ಮಾದರಿ ಬಿಟ್ಟರೆ ರಿಪೇರಿ ಅನ್ನುವ ಮಾತೇ ಇಲ್ಲ. ಎಷ್ಟೇ ದುಬಾರಿ ತಗೊಂಡರೂ ಈ ಕಥೆ ಬದಲಾಗುವುದಿಲ್ಲ. ಆದ್ದರಿಂದ ಇಲ್ಲಿ ಮಧ್ಯಮ ಬೆಲೆಯದ್ದೇ ಸರಿ. ಕಿವಿಗೆ ಸರಿಯಾಗಿ ಕೂರಬೇಕು, ಕರೆಯಲ್ಲಿ ಮಾತು ಸ್ಪಷ್ಟ ಕೇಳಬೇಕು, ಅಷ್ಟು ಸಾಕು.

ಹಾಡು ಕೇಳುವುದೇ ನಿಮಗೆ ಮುಖ್ಯವಾದರೆ ದುಡ್ಡನ್ನು ವೈರ್ ಇರುವ ಹೆಡ್‌ಫೋನಿಗೆ ಹಾಕಿ. ಸೋನಿಯ ಎಂಡಿಆರ್-7506 ಬಂದದ್ದು 1991ರಲ್ಲಿ. ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ. ಎರಡೂ ಇಷ್ಟು ದಶಕಗಳಾದರೂ ಮಾರಾಟದಲ್ಲೇ ಉಳಿದಿವೆ. ಕಿವಿಯ ಮೆತ್ತೆ ಸವೆದರೆ ಹೊಸ ಮೆತ್ತೆ ಸಿಗುತ್ತದೆ. ಎಚ್‌ಡಿ 600ರಲ್ಲಿ ಕೇಬಲ್ ಕಿತ್ತರೆ ಕೇಬಲ್ ಮಾತ್ರ ಬದಲಿಸಬಹುದು. ಅದರೊಳಗೆ ಹಳತಾಗುವಂಥದ್ದು ಬೇರೇನಿಲ್ಲ. ಎಲೆಕ್ಟ್ರಾನಿಕ್ಸ್ ಲೋಕದಲ್ಲಿ ಮಕ್ಕಳಿಗೆ ದಾಟಿಸಬಹುದಾದ ಸಾಮಾನು ಅಂತ ಏನಾದರೂ ಇದ್ದರೆ ಇದು, ಕ್ಯಾಮೆರಾದ ಒಳ್ಳೆ ಲೆನ್ಸು, ಇನ್ನು ಕೆಲವು ಸ್ಪೀಕರ್‌ಗಳು. ಫೋನಿನಲ್ಲಿ ಹೆಡ್‌ಫೋನ್ ತೂತು ಇಲ್ಲದಿದ್ದರೆ ಯುಎಸ್‌ಬಿ-ಸಿಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್ ಸಿಗುತ್ತದೆ.

ಒಂದು ವಿನಾಯಿತಿ ಇದೆ. ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಗಂಟೆಗಟ್ಟಲೆ ಓಡಾಡುವವರಾದರೆ ನಾಯ್ಸ್ ಕ್ಯಾನ್ಸೆಲಿಂಗ್ ಇರುವ ದೊಡ್ಡ ಹೆಡ್‌ಫೋನಿಗೆ ಖರ್ಚು ಮಾಡಬಹುದು. ಹೊರಗಿನ ಸದ್ದನ್ನು ಮೈಕಿನಿಂದ ಕೇಳಿ, ಅದಕ್ಕೆ ಉಲ್ಟಾ ಅಲೆ ಹುಟ್ಟಿಸಿ ಅಳಿಸುವ ತಂತ್ರ ಅದು. ಎಂಜಿನ್ನಿನ ಗುಂಯ್ ಅನ್ನುವ ಒಂದೇ ಸಮನೆಯ ಸದ್ದಿಗೆ ಅದು ಬಲು ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದವರ ಮಾತಿಗೆ ಅಷ್ಟಕ್ಕಷ್ಟೇ. ಹೊರಗಿನ ಸದ್ದು ಕಡಿಮೆಯಾದರೆ ನೀವು ವಾಲ್ಯೂಮ್ ಏರಿಸುವುದಿಲ್ಲ. ಕಿವಿಗೆ ಅದು ದೊಡ್ಡ ಲಾಭ. ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸ್ಸಿನ ಗದ್ದಲದ ಮೇಲೆ ಹಾಡು ಕೇಳಲು ಹೊರಟರೆ ಅದು ಸುಲಭವಾಗಿ ದಾಟಿಬಿಡುತ್ತದೆ.

ಟಿವಿಯ ವಿಷಯದಲ್ಲಿ ಅಂಗಡಿಯವರ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಳ್ಳೆ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲ ಅತಿ ಚಿಕ್ಕ ಕೋನ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗ. ಎರಡೂವರೆ ಮೀಟರ್ ದೂರದಲ್ಲಿ ಅದು ಸುಮಾರು 0.7 ಮಿಲಿಮೀಟರ್ ಆಗುತ್ತದೆ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. 4ಕೆಯಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್ ಇರುತ್ತವೆ. ಅಂದರೆ ಒಂದೊಂದು ಪಿಕ್ಸೆಲ್ 0.32 ಮಿಲಿಮೀಟರ್. ಸೋಫಾದಲ್ಲಿ ಕೂತ ನಿಮ್ಮ ಕಣ್ಣಿಗೆ 4ಕೆಯ ಪಿಕ್ಸೆಲ್ಲೇ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದನ್ನು ಇನ್ನೂ ನಾಲ್ಕಾಗಿ ಒಡೆದ 8ಕೆಯಲ್ಲಿ ನಿಮಗೆ ಹೊಸದಾಗಿ ಕಾಣುವುದು ಬಿಲ್ ಒಂದೇ. 8ಕೆಯಲ್ಲಿ ತಯಾರಾದ ಸಿನಿಮಾ, ಕಾರ್ಯಕ್ರಮಗಳೂ ಇಲ್ಲ ಅನ್ನುವಷ್ಟು ಕಡಿಮೆ.

ಟಿವಿ ಲೋಕದಲ್ಲಿ ಇಂಥ ಅಲೆಗಳು ಬಂದು ಹೋಗುತ್ತವೆ. ಕನ್ನಡಕ ಹಾಕಿ ನೋಡುವ 3ಡಿ ಟಿವಿ ನೆನಪಿದೆಯಲ್ವಾ? ಅದೇ ಮುಂದಿನ ಕಾಲ ಎಂದು ಎಲ್ಲರೂ ಮಾರಿದರು. ಕೊನೆಯವರೆಗೂ ಉಳಿದಿದ್ದ ದೊಡ್ಡ ಕಂಪನಿಗಳಾದ ಎಲ್‌ಜಿ ಮತ್ತು ಸೋನಿ 2017ರಲ್ಲಿ ಅದನ್ನು ಕೈಬಿಟ್ಟವು.

ಟಿವಿಯಲ್ಲಿ ದುಡ್ಡು ಹಾಕಬೇಕಾದ್ದು ಕಪ್ಪು ಬಣ್ಣಕ್ಕೆ. ಕಪ್ಪು ನಿಜವಾಗಿ ಕಪ್ಪಾಗಿ ಕಂಡರೆ ಚಿತ್ರಕ್ಕೆ ಜೀವ ಬರುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಬೇಡದಾಗ ಪೂರ್ತಿ ಆರುತ್ತದೆ. ಸಾಧಾರಣ ಎಲ್‌ಇಡಿ ಟಿವಿಯಲ್ಲಿ ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ, ಕಪ್ಪು ಬೂದುಬಣ್ಣವಾಗಿ ಕಾಣುತ್ತದೆ. ಇವೆರಡರ ನಡುವೆ, ಹಿಂದಿನ ದೀಪವನ್ನು ಭಾಗ ಭಾಗವಾಗಿ ತಗ್ಗಿಸುವ ಟಿವಿಗಳಿವೆ. ಇಡೀ ದಿನ ನ್ಯೂಸ್ ಚಾನೆಲ್ ಹಾಕಿಟ್ಟಿರುವ ಮನೆಯಾದರೆ ನಾನು ಈ ನಡುವಿನದನ್ನೇ ಹೇಳುತ್ತೇನೆ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲುವ ಲೋಗೊ, ಕೆಳಗಿನ ಪಟ್ಟಿ ಒಎಲ್‌ಇಡಿಯಲ್ಲಿ ಕಾಲಕ್ರಮೇಣ ಅಚ್ಚೊತ್ತಬಹುದು. ಇನ್ನು ಟಿವಿಯೊಳಗಿನ ಆ್ಯಪ್‌ಗಳಿಗೆ ಜಾಸ್ತಿ ಬೆಲೆ ಕಟ್ಟಬೇಡಿ. ಪರದೆ ಇನ್ನೂ ಗಟ್ಟಿಯಿರುವಾಗಲೇ ಆ್ಯಪ್‌ಗಳು ನಿಧಾನವಾಗುತ್ತವೆ. ಆಗ ಎಚ್‌ಡಿಎಂಐಗೆ ಒಂದು ಚಿಕ್ಕ ಸ್ಟಿಕ್ ಸಿಕ್ಕಿಸಿದರೆ ಆಯಿತು. ಎಚ್‌ಡಿಎಂಐ ಕೇಬಲ್ ಕೂಡ ಚಿನ್ನದ ಲೇಪದ್ದು ಬೇಡ. ಡಿಜಿಟಲ್ ಸಿಗ್ನಲ್ ಸರಿಯಾಗಿ ತಲುಪಿದರೆ ಚಿತ್ರ ಒಂದೇ. ದುಬಾರಿ ಕೇಬಲ್ ಬಣ್ಣ ಹೆಚ್ಚಿಸುವುದಿಲ್ಲ.

ಸ್ಮಾರ್ಟ್‌ವಾಚ್ ಬಗ್ಗೆ ನನಗೆ ಅಷ್ಟೇನೂ ಉತ್ಸಾಹ ಇಲ್ಲ, ಇದನ್ನು ನನ್ನ ಅಭಿಪ್ರಾಯ ಅಂತಲೇ ತಗೊಳ್ಳಿ. ಹಸಿರು ಬೆಳಕು ಚರ್ಮಕ್ಕೆ ಬಿಟ್ಟು, ವಾಪಸ್ ಬರುವ ಬೆಳಕಿನ ಏರಿಳಿತದಿಂದ ಎದೆಬಡಿತ ಎಣಿಸುತ್ತದೆ. ಸುಮ್ನೆ ಕೂತಾಗ ಚೆನ್ನಾಗಿ ಎಣಿಸುತ್ತದೆ, ಕೈ ಜೋರಾಗಿ ಆಡಿಸುವಾಗ ತಪ್ಪುತ್ತದೆ. ಹೆಜ್ಜೆ, ನಿದ್ದೆ, ಎದೆಬಡಿತ ಇಷ್ಟೇ ಬೇಕಾದರೆ ಅಗ್ಗದ ಬ್ಯಾಂಡ್ ಸಾಕು. ಮೊದಲು ಅದನ್ನೇ ಒಂದೆರಡು ತಿಂಗಳು ಕಟ್ಟಿ ನೋಡಿ. ಆ ಅಂಕಿ ನೋಡಿ ನಿಮ್ಮ ನಡಿಗೆ, ನಿದ್ದೆ ನಿಜಕ್ಕೂ ಬದಲಾದರೆ ಆಮೇಲೆ ದೊಡ್ಡದಕ್ಕೆ ಹೋಗಿ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತದೆ ಎಂದು ಮಾರುವ ವಾಚ್ ಮತ್ತು ಉಂಗುರಗಳನ್ನು ಮಾತ್ರ ಮುಟ್ಟಲೇಬೇಡಿ. ಅಂಥದ್ದನ್ನು ನಂಬಬೇಡಿ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ. ಅಂಥ ಒಂದು ವಾಚಿಗೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದೂ ಆಗ ಹೇಳಿತ್ತು. ತಪ್ಪು ಅಂಕಿ ನಂಬಿ ಇನ್ಸುಲಿನ್ ತಗೊಂಡರೆ ಜೀವಕ್ಕೇ ಅಪಾಯ.

ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಒಂದು ಜಾತಿಯ ಸಾಮಾನಿನ ಬಗ್ಗೆ ಹೇಳಿಬಿಡುತ್ತೇನೆ. ಕಂಪನಿಯ ಸರ್ವರ್ ಇದ್ದರೆ ಮಾತ್ರ ಬದುಕುವ ಸಾಮಾನು. ರಿವಾಲ್ವ್ ಎಂಬ ಸ್ಮಾರ್ಟ್ ಹೋಮ್ ಪೆಟ್ಟಿಗೆ ಇತ್ತು, ಮನೆಯ ದೀಪ, ಬೀಗ ಮುಂತಾದವನ್ನು ಫೋನಿನಿಂದ ನಡೆಸುವುದಕ್ಕೆ. ಅದನ್ನು ಕೊಂಡುಕೊಂಡ ಗೂಗಲ್ ಬಳಗದ ನೆಸ್ಟ್ ಕಂಪನಿ 2016ರಲ್ಲಿ ಸರ್ವರ್ ನಿಲ್ಲಿಸಿತು. ಜನರ ಮನೆಯಲ್ಲಿದ್ದ ಪೆಟ್ಟಿಗೆಗಳು ಒಂದೇ ದಿನ ಸತ್ತವು. ಕಾರಿನಲ್ಲಿ ಹಾಡು ಕೇಳಲು ಸ್ಪಾಟಿಫೈ ಮಾರಿದ ಕಾರ್ ಥಿಂಗ್ 2024ರ ಡಿಸೆಂಬರಿನಲ್ಲಿ ಹಾಗೇ ನಿಂತಿತು. ಎಐ ಹೆಸರಲ್ಲಿ ಭಾರಿ ಸದ್ದು ಮಾಡಿದ, ಬಟ್ಟೆಗೆ ಸಿಕ್ಕಿಸಿಕೊಳ್ಳುವ ಹ್ಯೂಮೇನ್ ಪಿನ್ 2024ರಲ್ಲಿ ಬಂದು, 2025ರ ಫೆಬ್ರವರಿ ಕೊನೆಗೆ ಬಹುತೇಕ ಕೆಲಸಕ್ಕೆ ಬಾರದಂತಾಯಿತು. ಒಂದು ವರ್ಷವೂ ತುಂಬಿರಲಿಲ್ಲ. ಇಂಥದ್ದನ್ನು ಕೊಳ್ಳುವ ಮುಂಚೆ "ಇಂಟರ್ನೆಟ್ ಇಲ್ಲದಿದ್ದರೆ ಇದು ಏನು ಮಾಡುತ್ತದೆ?" ಎಂದು ಕೇಳಿ. "ಏನೂ ಇಲ್ಲ" ಅಂದರೆ ಅದಕ್ಕೆ ಬಾಡಿಗೆಯಷ್ಟೇ ಬೆಲೆ ಕೊಡಿ.

ಚಿಕ್ಕ ಸಾಮಾನುಗಳಲ್ಲಿ ಜನ ಉಲ್ಟಾ ಮಾಡುತ್ತಾರೆ. ದೊಡ್ಡ ಫೋನಿಗೆ ಧಾರಾಳ, ಚಾರ್ಜರಿಗೆ ಜಿಪುಣತನ. ಗೋಡೆಯ ಕರೆಂಟಿಗೂ ನಿಮ್ಮ ಕೈಯಲ್ಲಿರುವ ಫೋನಿಗೂ ನಡುವೆ ಇರುವುದು ಆ ಚಾರ್ಜರಿನೊಳಗಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ಮತ್ತು ಅದರ ಇನ್ಸುಲೇಷನ್ ಮಾತ್ರ. ಹೆಸರಿಲ್ಲದ ಚಾರ್ಜರ್‌ಗಳನ್ನು ತೆರೆದು ನೋಡಿದರೆ ಈ ಎರಡು ಬದಿಗಳ ನಡುವಿನ ಅಂತರ ಎಷ್ಟೋ ಸಲ ಕೂದಲೆಳೆಯಷ್ಟಿರುತ್ತದೆ. ಇಲ್ಲಿ ಒಳ್ಳೆ ಕಂಪನಿಯದ್ದೇ ತಗೊಳ್ಳಿ. ಎರಡೂ ತುದಿ ಯುಎಸ್‌ಬಿ-ಸಿ ಇರುವ ಕೇಬಲ್ ನಿಯಮದ ಪ್ರಕಾರ 60 ವ್ಯಾಟ್ ತಾಳಲೇಬೇಕು. ಲ್ಯಾಪ್‌ಟಾಪಿಗೆ ಅದಕ್ಕಿಂತ ಜಾಸ್ತಿ ಬೇಕಾದರೆ 240 ವ್ಯಾಟ್ ಎಂದು ಬರೆದದ್ದನ್ನು ಹುಡುಕಿ.

ಪವರ್ ಬ್ಯಾಂಕಿನ ಮೇಲೆ 10000 ಎಂಎಎಚ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಎಂದಿದ್ದರೆ ಅದು ಒಳಗಿನ 3.7 ವೋಲ್ಟಿನ ಲೆಕ್ಕ. ಹೊರಗೆ 5 ವೋಲ್ಟಿಗೆ ಏರಿಸಿದಾಗ 7400 ಆಗುತ್ತದೆ. ಆ ಏರಿಕೆಯಲ್ಲಿ ಹೋಗುವ ನಷ್ಟ ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ಮೋಸ ಅಲ್ಲ, ಆದರೆ "5000ದ ಫೋನ್ ಎರಡು ಸಲ ಚಾರ್ಜ್ ಆಗುತ್ತದೆ" ಅನ್ನುವ ಲೆಕ್ಕ ತಪ್ಪು. ಫೋಟೊ, ಕಾಗದಪತ್ರ ಕಾಪಾಡುವ ಬ್ಯಾಕಪ್ ಡಿಸ್ಕ್ ಒಂದನ್ನು ಈ ಸಲವೇ ತಗೊಂಡುಬಿಡಿ. ನನ್ನ ಹತ್ತಿರ ಬಂದು ಕಣ್ಣಲ್ಲಿ ನೀರು ಹಾಕುವವರು ಫೋನ್ ಹೋಯಿತು ಎಂದು ಅಳುವುದಿಲ್ಲ, ಮಗುವಿನ ಫೋಟೊ ಹೋಯಿತು ಎಂದು ಅಳುತ್ತಾರೆ.

ಹೆಚ್ಚುವರಿ ವಾರಂಟಿ ಬೇಕಾ ಎಂದು ಬಿಲ್ ಮಾಡುವಾಗ ಕೇಳುತ್ತಾರೆ. ಬ್ಯಾಟರಿ ಸವೆತ, ಕೆಳಗೆ ಬಿದ್ದು ಒಡೆದದ್ದು, ನೀರು ಹೋದದ್ದು ಇವು ಅದರಲ್ಲಿ ಸೇರಿವೆಯಾ ಓದಿ. ಹಾಳಾಗುವ ಕಾರಣಗಳೇ ಅವು. ಅವು ಸೇರಿಲ್ಲದಿದ್ದರೆ ಆ ದುಡ್ಡನ್ನು ರಿಪೇರಿಗೆ ಅಂತ ಬೇರೆ ಎತ್ತಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಫೋನಿಗೆ ಬ್ಯಾಟರಿ, ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ, ಜೊತೆಗೆ ಒಂದು ಬ್ಯಾಕಪ್ ಡಿಸ್ಕ್. ಇಷ್ಟು ಮಾಡಿ ಒಂದು ತಿಂಗಳು ಕಾಯುತ್ತಿದ್ದೆ. ಹೊಸ ಫೋನಿನ ಆಸೆ ಅಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಆಮೇಲೆ ಮನೆಮಂದಿಯೆಲ್ಲ ನೋಡುವ ಟಿವಿ, 4ಕೆಯದ್ದೇ. ಇಯರ್‌ಬಡ್ಸ್ ಮಧ್ಯಮ ಬೆಲೆಯದ್ದು. ವಾಚ್ ಕೊನೆಗೆ.

ಹಳೆ ಫೋನಿನ ಬಗ್ಗೆ ಕೇಳಿದ್ದೀರಿ. ಬ್ಯಾಟರಿ ಹಾಕಿಸಿದರೆ ಆ ಪ್ರಶ್ನೆಯೇ ಇಲ್ಲ. ಅಪ್‌ಡೇಟ್ ನಿಂತುಹೋಗಿ ಹೊಸದು ತಗೊಳ್ಳಲೇಬೇಕಾದರೆ, ಹಳೆಯದರಿಂದ ಬ್ಯಾಂಕಿನ ಆ್ಯಪ್‌ಗಳನ್ನು ತೆಗೆಯಿರಿ. ಮಾರುವುದಾದರೆ ಮೊದಲು ಅಕೌಂಟ್‌ನಿಂದ ಸೈನ್ ಔಟ್ ಆಗಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಸೈನ್ ಔಟ್ ಆಗದೆ ರೀಸೆಟ್ ಮಾಡಿದರೆ ಕೊಂಡವರಿಗೆ ಫೋನ್ ಲಾಕ್ ಆಗಿಯೇ ಕೂರಬಹುದು. ಇಟ್ಟುಕೊಳ್ಳುವುದಾದರೆ ಅರ್ಧ ಚಾರ್ಜ್ ಇರುವಾಗ ಆಫ್ ಮಾಡಿ ತಣ್ಣಗಿನ ಜಾಗದಲ್ಲಿಡಿ, ಕೆಲವು ತಿಂಗಳಿಗೊಮ್ಮೆ ತೆಗೆದು ನೋಡಿ. ಹಿಂಬದಿ ಉಬ್ಬಿದಂತೆ ಕಂಡರೆ, ಪರದೆಯ ಅಂಚು ಎದ್ದಿದ್ದರೆ, ಬ್ಯಾಟರಿ ಒಳಗೆ ಊದಿಕೊಂಡಿದೆ ಅಂತ ಅರ್ಥ. ಆಗ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಮನೆಯ ಕಸದ ಬುಟ್ಟಿಗೂ ಹಾಕಬೇಡಿ. ಬೆಂಕಿ ಹತ್ತುವಂಥ ವಸ್ತುಗಳಿಂದ ದೂರ ಇಟ್ಟು, ಸರ್ವೀಸ್ ಸೆಂಟರಿಗೋ ಇ-ತ್ಯಾಜ್ಯ ತಗೊಳ್ಳುವವರಿಗೋ ಬೇಗ ಕೊಟ್ಟುಬಿಡಿ.